ಕಿವಿಗೆ ತಕ್ಕ ಹೆಡ್‌ಫೋನ್

ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ಬಂದಾಗ ಪ್ರತಿ ವರ್ಷ ಒಂದು ಪ್ರಯೋಗ ಮಾಡುತ್ತೇನೆ. ಆವೃತ್ತಿಯನ್ನು ಬೇಕಾದಂತೆ ಏರಿಸಬಹುದಾದ ಪೆಟ್ಟಿಗೆಯೊಂದನ್ನು ಪುಟ್ಟ ಸ್ಪೀಕರಿಗೆ ಜೋಡಿಸಿ ಮೇಜಿನ ಮೇಲಿಡುವುದು. ಸದ್ದು ಕೇಳುವವರೆಗೆ ಕೈ ಮೇಲೆತ್ತಿರಬೇಕು, ಕೇಳದಾದಾಗ ಇಳಿಸಬೇಕು. ಒಂದು ವರ್ಷ ತಿರುಪನ್ನು ತಿರುಗಿಸುತ್ತಾ ಹೋದೆ. 11,000 ಹರ್ಟ್ಸ್ ದಾಟಿದ ಮೇಲೆ ನನಗೆ ಏನೂ ಕೇಳಲಿಲ್ಲ. ಪೆಟ್ಟಿಗೆಯ ತಂತಿ ಕಳಚಿರಬೇಕೆಂದು ಬಗ್ಗಿ ನೋಡುತ್ತಿದ್ದರೆ ಹಿಂದಿನ ಬೆಂಚಿನಿಂದ ಕೂಗು ಬಂತು: ‘ಸಾರ್, ಕಿವಿ ಕೊರೀತಾ ಇದೆ, ನಿಲ್ಲಿಸಿ!’ ತಲೆ ಎತ್ತಿ ನೋಡಿದರೆ ನಲವತ್ತು ಕೈಗಳೂ ಮೇಲೆಯೇ ಇದ್ದವು.

ಐವತ್ತು ದಾಟಿದವರಿಗೆ ತಾರಕದ ಸದ್ದು ಕೇಳದಿರುವುದು ಸಹಜ. ಆದರೆ ನನ್ನ ವಿಷಯದಲ್ಲಿ ಇನ್ನೊಂದು ಅನುಮಾನವೂ ಇತ್ತು. 1979ರಲ್ಲಿ ಜಪಾನಿನಲ್ಲಿ ವಾಕ್‌ಮನ್ ಬಂತು. ಹತ್ತು ವರ್ಷದ ನಂತರ, ಬಿ.ಎಸ್ಸಿ. ಓದುವಾಗ, ಅಂಥದೇ ಒಂದು ಕ್ಯಾಸೆಟ್ ಯಂತ್ರ ನನ್ನ ಕೈಗೂ ಬಂತು. ಹಾಸನದಿಂದ ಮೈಸೂರಿಗೆ ಕೆಂಪು ಬಸ್ಸಿನಲ್ಲಿ, ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕುಳಿತು, ಆ ಗದ್ದಲವನ್ನು ಮೀರಿಸಲೆಂದು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ ಹಾಡು ಕೇಳಿದ ದಿನಗಳೆಷ್ಟೋ.

ಇದೆಲ್ಲ ನೆನಪಾದದ್ದು, ಕಳೆದ ಬೇಸಿಗೆಯಲ್ಲಿ ನಮ್ಮೂರ ದಿನಸಿ ಅಂಗಡಿಯವರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದಾಗ. ಹುಡುಗ ನನ್ನ ಹಳೆಯ ವಿದ್ಯಾರ್ಥಿ, ಈಗ ಪಿ.ಯು.ಸಿ. ಆರು ವರ್ಷದಿಂದ ಮೃದಂಗ ಕಲಿಯುತ್ತಿದ್ದಾನೆ. ಈಚೆಗೆ ಗೆಳೆಯರ ಜೊತೆ ಸೇರಿ ರಾಕ್ ಡ್ರಮ್ಸ್ ಕೂಡ. ‘ಮೇಷ್ಟ್ರೇ, ಕಿವಿಗೆ ಹಾಕೋ ಸಾಮಾನಿಗೆ ಇಷ್ಟು ದುಡ್ಡು ಸುರೀಬೇಕಾ? ನೀವೇ ಹೇಳಿ’ ಎಂದು ತಂದೆ ಮೊಬೈಲಿನಲ್ಲಿ ಜಾಹೀರಾತು ತೋರಿಸಿದರು. ಅದರಲ್ಲಿ ಎದ್ದು ಕಾಣುತ್ತಿದ್ದ ಮಾತು ‘ಎಕ್ಸ್‌ಟ್ರಾ ಬಾಸ್’. ಹುಡುಗ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಡ್‌ಫೋನೆಂದರೆ ಪುಟ್ಟ ಸ್ಪೀಕರ್. ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ತೆಳು ಪೊರೆ. ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಚಲಿಸುತ್ತದೆ, ಪೊರೆ ಗಾಳಿಯನ್ನು ತಳ್ಳುತ್ತದೆ. ಹತ್ತನೇ ತರಗತಿಯ ಎಡಗೈ ನಿಯಮ ಗೊತ್ತಿದ್ದರೆ ಅರ್ಧ ಗೊತ್ತಾದಂತೆಯೇ. ಅಮೆರಿಕದ ಯೂಟಾದಲ್ಲಿ ನಥೇನಿಯಲ್ ಬಾಲ್ಡ್‌ವಿನ್ ಎಂಬಾತ 1910ರ ಸುಮಾರಿಗೆ ತನ್ನ ಅಡುಗೆಮನೆಯಲ್ಲಿ ಕುಳಿತು ಮಾಡಿದ ಹೆಡ್‌ಫೋನುಗಳನ್ನು ಅಲ್ಲಿನ ನೌಕಾಪಡೆ ಕೊಂಡಿತ್ತು. ಅವು ರೇಡಿಯೋ ಸಂದೇಶ ಕೇಳುವುದಕ್ಕೆ. ಸಂಗೀತವನ್ನು ಸ್ಟೀರಿಯೋದಲ್ಲಿ ಕೇಳಲೆಂದೇ ಹೆಡ್‌ಫೋನ್ ಮಾಡಿ ಮಾರಿದವನು ಜಾನ್ ಕಾಸ್, 1958ರಲ್ಲಿ.

ಇನ್ನು ಸಂಗೀತದ ವಿಷಯ. ತಂಬೂರಿಯಿಂದಲೇ ಆರಂಭಿಸೋಣ. ಗಂಡಸರ ಶ್ರುತಿಗೆ ಕೂಡಿಸಿದ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 65ರಿಂದ 70 ಸಲ ಕಂಪಿಸುತ್ತದೆ. ಆದರೆ ನಮ್ಮ ಕಿವಿ ತುಂಬುವುದು ಆ ಮೂಲಸ್ವರವಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟು ಆವೃತ್ತಿಯ ಉಪಸ್ವರಗಳು. ಕುದುರೆಯ ಮೇಲೆ ದಾರ ಕೂಡಿಸಿ ‘ಜೀವ’ ಬರಿಸುವುದು ಇದಕ್ಕಾಗಿಯೇ. ಸರ್ ಸಿ. ವಿ. ರಾಮನ್ 1921ರಲ್ಲೇ ತಂಬೂರಿ ಮತ್ತು ವೀಣೆಗಳ ಕುದುರೆಯನ್ನು ಕುರಿತು ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮೃದಂಗ ತಬಲಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬರಿಯ ಚರ್ಮಕ್ಕೆ ಬಡಿದರೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಬಲಬದಿಯ ನಡುವೆ ಹಚ್ಚಿದ ಕಪ್ಪು ಕರಣೆಯಿಂದಾಗಿ ಅವು ಮೂಲಸ್ವರದ ಪೂರ್ಣ ಪಟ್ಟುಗಳಾಗಿ ಹೊಂದಿಕೊಳ್ಳುತ್ತವೆ. ಮೃದಂಗಕ್ಕೆ ಶ್ರುತಿ ಕೂಡುವುದು ಹೀಗೆ.

ರಾಕ್ ಸಂಗೀತದ ಮೈಕಟ್ಟೇ ಬೇರೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಬಲವೆಲ್ಲ 100 ಹರ್ಟ್ಸ್‌ನ ಆಸುಪಾಸಿನಲ್ಲಿ. ನಡುವೆ ಗಿಟಾರು, ಹಾಡುಗಾರನ ಕಂಠ. ಮೇಲೆ, 10,000 ಹರ್ಟ್ಸನ್ನೂ ದಾಟಿ ಮಿನುಗುವ ತಾಳದ ತಟ್ಟೆಗಳು. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ ಎದೆಬಡಿತದ ಸದ್ದಿನಿಂದ ಶುರುವಾಗುತ್ತದೆ. ತೀರ ಮೆಲ್ಲಗೆ ಆರಂಭವಾಗುವ ಆ ಬಡಿತ ಸ್ಪಷ್ಟವಾಗಿ ಕೇಳದ ಹೆಡ್‌ಫೋನಿನಲ್ಲಿ ರಾಕ್ ಕೇಳಿ ಪ್ರಯೋಜನವಿಲ್ಲ.

ಹಾಗಾದರೆ ಎಕ್ಸ್‌ಟ್ರಾ ಬಾಸ್ ಒಳ್ಳೆಯದೇ ಅಲ್ಲವೇ ಎಂದ ಹುಡುಗ. ಅಲ್ಲಪ್ಪ. ಸಾರಿಗೆ ಹುಳಿ ಸುರಿದ ಹಾಗೆ ಅದು. ಕೆಳಗಿನ ಆವೃತ್ತಿಗಳನ್ನು ವಿಪರೀತ ಹೆಚ್ಚಿಸಿದರೆ ಅವು ಮೇಲಿನವನ್ನು ಮುಚ್ಚಿಹಾಕುತ್ತವೆ. ತಂಬೂರಿ ಕಾಣೆಯಾಗುತ್ತದೆ, ಮೃದಂಗದ ಎಡಬದಿ ಡಬ್ಬದ ಹಾಗೆ ಗುಮ್ಮೆನ್ನುತ್ತದೆ, ಬಲಗೈಯ ಚಾಪು ಮಂಕಾಗುತ್ತದೆ. ರಾಕ್‌ನಲ್ಲೂ ಅಷ್ಟೆ, ಬಾಸ್ ಗಿಟಾರು ಯಾವುದು, ಡ್ರಮ್ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಎರಡನ್ನೂ ಕೇಳುವವನಿಗೆ ಬೇಕಾದದ್ದು ಯಾವ ಆವೃತ್ತಿಗೂ ಪಕ್ಷಪಾತ ಮಾಡದ ಹೆಡ್‌ಫೋನ್. ಮೊದಲ ದಿನ ಅದು ತುಸು ಸಪ್ಪೆ ಎನಿಸಬಹುದು. ವಾರ ಕಳೆಯಲಿ.

ಹಿಂಬದಿ ಮುಚ್ಚಿದ್ದು, ತೆರೆದದ್ದು ಎಂದು ಎರಡು ಜಾತಿ ಇವೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌.ಡಿ. 414 ಎಂಬ ತೆರೆದ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ತೆರೆದದ್ದರಲ್ಲಿ ಸಂಗೀತ ತಲೆಯ ಒಳಗಿನಿಂದಲ್ಲದೆ ಎದುರಿನ ಸಭಾಂಗಣದಿಂದ ಬಂದಂತಿರುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ನನ್ನ ಮತ ಅದಕ್ಕೇ. ಆದರೆ ಹೊರಗಿನ ಸದ್ದು ಒಳಗೆ, ಒಳಗಿನದು ಹೊರಗೆ. ಹಾಸ್ಟೆಲಿನಲ್ಲಿ ಹಾಕಿಕೊಂಡರೆ ಪಕ್ಕದವನೂ ಕೇಳಬೇಕಾಗುತ್ತದೆ. ಈ ಹುಡುಗನ ಮನೆ ಅಂಗಡಿಯ ಹಿಂದೆ, ಮುಂದುಗಡೆ ಲಾರಿ ಓಡಾಡುವ ರಸ್ತೆ. ಅವನಿಗೆ ಮುಚ್ಚಿದ್ದೇ ಸರಿ ಎಂದೆ.

ಡಬ್ಬಿಯ ಮೇಲಿನ ಅಂಕಿಗಳನ್ನು ಓದಲು ಬರಬೇಕು. ‘20–20,000 ಹರ್ಟ್ಸ್’ ಎಂಬುದು ಅಗ್ಗದ್ದರ ಮೇಲೂ ಇರುತ್ತದೆ, ದುಬಾರಿಯದರ ಮೇಲೂ ಇರುತ್ತದೆ. ಆ ವ್ಯಾಪ್ತಿಯಲ್ಲಿ ಎಷ್ಟು ಡೆಸಿಬೆಲ್ ಏರಿಳಿತವಿದೆ ಎಂದು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ನೋಡಬೇಕಾದದ್ದು ಓಮ್‌ಗಳಲ್ಲಿ ಕೊಟ್ಟಿರುವ ಇಂಪೆಡೆನ್ಸ್. ವಿದ್ಯಾರ್ಥಿಗಳು ಲೆಕ್ಕ ಮಾಡಿ: 1 ವೋಲ್ಟ್ ಕೊಟ್ಟಾಗ 32 ಓಮ್‌ನ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ದೊರೆಯುತ್ತದೆ, 300 ಓಮ್‌ನದಕ್ಕೆ ಬರೀ 3. ಸೆನ್‌ಹೈಸರ್ ಎಚ್‌.ಡಿ. 600ರಂಥ 300 ಓಮ್‌ನ ಹೆಡ್‌ಫೋನ್ ತಂದು ಮೊಬೈಲಿಗೆ ಸಿಕ್ಕಿಸಿ ‘ಸದ್ದೇ ಇಲ್ಲ’ ಎಂದು ಗೊಣಗುವವರಿದ್ದಾರೆ. ಅದಕ್ಕೆ ಬೇರೆ ಆಂಪ್ಲಿಫಯರ್ ಬೇಕು. ಸೋನಿಯ ಎಂ.ಡಿ.ಆರ್. 7506 (63 ಓಮ್), ಆಡಿಯೋ ಟೆಕ್ನಿಕಾದ ಎಂ50ಎಕ್ಸ್ (38 ಓಮ್) ಮುಚ್ಚಿದ ಜಾತಿಯವು, ಸ್ಟುಡಿಯೋಗಳಲ್ಲಿ ಹೆಸರಾದವು. ಅವುಗಳ ಬೆಲೆ ಕೈಗೆಟುಕದಿದ್ದರೆ ಅದೇ ಮಾದರಿಯ ಕಟ್ಟಡವುಳ್ಳ, ತಂತಿ ಮತ್ತು ಮೆತ್ತೆ ಬದಲಿಸಬಹುದಾದ ಬೇರೆಯದನ್ನು ಹುಡುಕಿ. ಎರಡು ವರ್ಷದಲ್ಲಿ ಮೊದಲು ಹಾಳಾಗುವುದು ಅವೆರಡೇ.

ತಂತಿಯಿಲ್ಲದ ಬ್ಲೂಟೂತ್ ಹಾಡು ಕೇಳಲು ಸಾಕು. ಜೊತೆಗೆ ಬಾರಿಸಲು ಬೇಡ. ಸದ್ದು ಕ್ಷಣದ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ, ಲಯ ಕೆಡುತ್ತದೆ. ಮೃದಂಗದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಈಗಿನ ಎಷ್ಟೋ ಮೊಬೈಲುಗಳಲ್ಲಿ ತಂತಿ ಸಿಕ್ಕಿಸುವ ರಂಧ್ರವೇ ಇಲ್ಲ. ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಅಂಗಡಿಯಲ್ಲಿ ಹಾಕಿ ನೋಡುವಾಗ ಚೆನ್ನಾಗಿ ಗೊತ್ತಿರುವ ಮೂರು ಹಾಡುಗಳನ್ನು ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಬೇಡ. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಸದ್ದು ಸಮವಾಗಿರಲಿ. ತುಸು ಜೋರಾಗಿರುವುದೇ ಚೆನ್ನ ಎಂದು ಕಿವಿ ಮೋಸಹೋಗುತ್ತದೆ. ಕನ್ನಡಕವಿದ್ದರೆ ಹಾಕಿಕೊಂಡೇ ನೋಡಿ. ಹತ್ತು ಹದಿನೈದು ನಿಮಿಷದಲ್ಲಿ ಕಿವಿ ಬೆವರಿದರೆ, ತಲೆ ಒತ್ತಿದರೆ, ಧ್ವನಿ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಪೋಷಕರು ಗಮನಿಸಬೇಕಾದ ಮಾತು ಇದು. ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದಾದ ಮಿತಿ 80 ಡೆಸಿಬೆಲ್, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. ದೊಡ್ಡವರಿಗೂ 90 ಡೆಸಿಬೆಲ್‌ನಲ್ಲಿ ವಾರಕ್ಕೆ ನಾಲ್ಕೇ ಗಂಟೆ. ಒಳ್ಳೆಯ ಮುಚ್ಚಿದ ಹೆಡ್‌ಫೋನಿಗೆ ದುಡ್ಡು ಕೊಡುವುದರ ಲಾಭ ಇಲ್ಲಿದೆ: ಹೊರಗಿನ ಗದ್ದಲ ತಗ್ಗಿದರೆ ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಗದ್ದಲಕ್ಕೆ ಎದುರು ತರಂಗ ಹುಟ್ಟಿಸಿ ಅಳಿಸುವ ಹೆಡ್‌ಫೋನುಗಳೂ ಇವೆ. ಅಮರ್ ಬೋಸ್ ಅವರಿಗೆ 1978ರಲ್ಲಿ ವಿಮಾನ ಪ್ರಯಾಣದಲ್ಲಿ ಹೊಳೆದ ಉಪಾಯ ಅದು. ಬಸ್ಸಿನ ಎಂಜಿನ್ನಿನ ಗುಂಯ್‌ಗುಡುವಿಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಯಾವುದೂ ಕಿವಿಯ ಮೇಲಿರಬಾರದು.

ತಂದೆ ಕೊನೆಗೆ ತಂತಿಯಿರುವ, ಮುಚ್ಚಿದ ಹೆಡ್‌ಫೋನ್ ಕೊಡಿಸಿದರು. ಜಾಹೀರಾತಿನದಕ್ಕಿಂತ ತುಸು ಕಡಿಮೆ ಬೆಲೆಗೇ ಸಿಕ್ಕಿತಂತೆ. ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವರೂ ಅದನ್ನು ಹಾಕಿಕೊಂಡು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತಾರೆ ಎಂದು ಹುಡುಗನ ದೂರು.

ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ವಯಸ್ಸಿನಿಂದಾದ ನಷ್ಟವಾದರೆ ನಕ್ಷೆಯ ಗೆರೆ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ನನ್ನದರಲ್ಲಿ 4,000 ಹರ್ಟ್ಸ್ ಹತ್ತಿರ ಒಂದು ಗುಂಡಿ ಬಿದ್ದು, 8,000ದಲ್ಲಿ ಗೆರೆ ತುಸು ಮೇಲೆದ್ದಿದೆ. ಅದು ಸದ್ದಿನ ಪೆಟ್ಟಿನ ಗುರುತು. ಆ ನಕ್ಷೆಯನ್ನು ಪ್ರಯೋಗಶಾಲೆಯ ಗೋಡೆಗೆ, ಆವೃತ್ತಿ ಪೆಟ್ಟಿಗೆಯ ಮೇಲ್ಗಡೆ, ಅಂಟಿಸಿದ್ದೇನೆ.