ಎಮ್ಮಾವು ದಾರಿಯ ಸಹಪಯಣಿಗ

ಪಾಸ್ಕ ಹಬ್ಬದ ವಾರದಲ್ಲಿ ಎಮ್ಮಾವು ದಾರಿಯ ಪ್ರಸಂಗವನ್ನು ನಾವು ಪ್ರತಿವರ್ಷವೂ ಆಲಿಸುತ್ತೇವೆ. ಸಂತ ಲೂಕರ ಶುಭಸಂದೇಶದ 24ನೆಯ ಅಧ್ಯಾಯದಲ್ಲಿ ಬರುವ ಈ ವೃತ್ತಾಂತ ಕೇಳಿ ಕೇಳಿ ಪರಿಚಿತವಾದುದರಿಂದಲೋ ಏನೋ, ಅದರಲ್ಲಿನ ಒಂದು ಸಂಗತಿ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆ ಇಬ್ಬರು ಶಿಷ್ಯರು ಜೆರುಸಲೇಮನ್ನು ಬಿಟ್ಟು ಹೋಗುತ್ತಿದ್ದರು. ಅವರ ನಿರೀಕ್ಷೆ ಮುರಿದುಬಿದ್ದಿತ್ತು. ಸಮಾಧಿಯ ಬಳಿಯಿಂದ ಸ್ತ್ರೀಯರು ತಂದ ಸುದ್ದಿಯೂ ಅವರನ್ನು ತಡೆದು ನಿಲ್ಲಿಸಲಿಲ್ಲ.

ಪ್ರಭು ಅವರಿಗೆ ಅಡ್ಡನಿಂತು ಹಿಂದಿರುಗಿರೆಂದು ಆಜ್ಞಾಪಿಸಲಿಲ್ಲ. ಅವರು ಹೊರಟಿದ್ದ ದಿಕ್ಕಿಗೇ ತಾವೂ ಹೆಜ್ಜೆ ಹಾಕಿದರು. ಏನು ಮಾತನಾಡಿಕೊಳ್ಳುತ್ತಿದ್ದೀರಿ ಎಂದು ವಿಚಾರಿಸಿದರು. ಮಂದಮತಿಗಳೆಂದು ಗದರಿದ್ದೂ ಉಂಟು, ನಿಜ. ಆದರೆ ಅದು ಅವರ ಅಳಲನ್ನು ಪೂರ್ತಿಯಾಗಿ ಕೇಳಿದ ಮೇಲೆ. ರೊಟ್ಟಿ ಮುರಿದಾಗ ಕಣ್ಣು ತೆರೆದ ಆ ಶಿಷ್ಯರು ಅದೇ ಗಳಿಗೆಯಲ್ಲಿ ತಾವಾಗಿಯೇ ಜೆರುಸಲೇಮಿಗೆ ಮರಳಿದರು.

ಇಂಥ ಸಹನೆಯ ನಡಿಗೆಯನ್ನು ನಮ್ಮ ಕರಾವಳಿಯೂ ಕಂಡಿದೆ. ಗೋವೆಯಲ್ಲಿ ಜನಿಸಿದ ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆಗೈದವರು. 1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾ ಸೇರಿದಾಗ ಅಲ್ಲಿನ ಕರಾವಳಿ ಡಚ್ಚರ ವಶದಲ್ಲಿತ್ತು. ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಜನರು ತಮ್ಮ ವಿಶ್ವಾಸವನ್ನು ಬಚ್ಚಿಟ್ಟುಕೊಂಡಿದ್ದರು. ಕಥೋಲಿಕರ ಮನೆ ಯಾವುದೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕೊರಳಿಗೆ ಜಪಸರ ಧರಿಸಿ ಅವರು ಜಾಫ್ನಾದಲ್ಲಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಗುರುತಿಸುವ ಕಣ್ಣುಗಳಿಗಾಗಿ ಕಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಈ ಭಿಕ್ಷುಕನನ್ನೇ ಸಂತನೆಂದು ಘೋಷಿಸಿದರು.

ನಮ್ಮ ಮನೆಗಳಲ್ಲಿಯೋ? ರಜೆಗೆ ಬಂದ ಮಗ ಭಾನುವಾರ ಪೂಜೆಗೆ ಏಳದಿದ್ದರೆ ಬೈಗುಳ ಮೊದಲು ಬರುತ್ತದೆ, ಪಕ್ಕದ ಮನೆಯ ಹುಡುಗನ ಹೋಲಿಕೆ ಅದರ ಬೆನ್ನಿಗೇ ಬರುತ್ತದೆ. ಅವನಿಗೇನಾಗಿದೆ ಎಂದು ಕೇಳುವಷ್ಟು ವ್ಯವಧಾನ ನಮಗಿಲ್ಲ.

ನಮ್ಮ ಪರಿಚಯದ ಯುವಕನೊಬ್ಬ ತಾಯಿಯ ಮರಣಾನಂತರ ದೇವಾಲಯದ ಮೆಟ್ಟಿಲು ಹತ್ತುವುದನ್ನೇ ನಿಲ್ಲಿಸಿದ್ದ. ಅಷ್ಟು ಪ್ರಾರ್ಥಿಸಿದರೂ ಅಮ್ಮ ಉಳಿಯಲಿಲ್ಲವೆಂಬ ಕೋಪ ಅವನದು. ಮನೆಯವರು ಹೇಳಿ ಸೋತರು; ನಾವೂ ಒಮ್ಮೆ ಉಪದೇಶಿಸಿ ಅವನ ಮೌನವನ್ನು ಸಂಪಾದಿಸಿಕೊಂಡೆವು. ಜ್ಞಾನಸ್ನಾನದಲ್ಲಿ ಅವನ ಧರ್ಮತಂದೆಯಾಗಿ ನಿಂತಿದ್ದ ಹಿರಿಯರು ಮಾತ್ರ ಪ್ರತಿ ಭಾನುವಾರ ಪೂಜೆ ಮುಗಿಸಿ ಅವನ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ತೋಟದ ವಿಚಾರ, ಮಳೆಯ ವಿಚಾರ, ಕೆಲವೊಮ್ಮೆ ಆ ತಾಯಿಯ ವಿಚಾರ. ಪೂಜೆಯ ಮಾತನ್ನು ಅವರು ಒಂದು ದಿನವೂ ಎತ್ತಲಿಲ್ಲ. ವರ್ಷ ಕಳೆದು ಎರಡನೆಯ ಮಳೆಗಾಲ ಬಂದಿತ್ತು. ಲೋಟ ಕೆಳಗಿಟ್ಟು ಕೊಡೆ ಬಿಡಿಸುತ್ತಿದ್ದ ಅವರನ್ನು ಹುಡುಗ ಕೇಳಿದನಂತೆ: "ಮುಂದಿನ ವಾರ ಅಮ್ಮನ ವರ್ಷದ ಪೂಜೆ ಎಷ್ಟು ಗಂಟೆಗೆ, ಮಾಮ?"