ಹಬ್ಬದ ಅಡುಗೆಮನೆ ಯಾರದು?

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್‌ನ ಸಡಗರ ತಿಳಿಯುವುದು ಕುಸ್ವಾರ್‌ನಿಂದ. ನೆವ್ರಿ, ಕಿಡಿಯೊ, ಗುಳಿಯೊ ಮುಂತಾದ ಈ ತಿಂಡಿಗಳ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. 1960ರ ದಶಕದ ನಮ್ಮ ಕೂಡುಕುಟುಂಬದಲ್ಲಿ ಹಬ್ಬಕ್ಕೆ ವಾರವಿರುವಾಗಲೇ ಅಜ್ಜಿ, ದೊಡ್ಡಮ್ಮ, ಅತ್ತೆಯಂದಿರು ಒಲೆಯ ಮುಂದೆ ಕುಳಿತರೆ ಏಳುತ್ತಿದ್ದುದೇ ಕಡಿಮೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದ ಬಳಿಕ ಲ್ಯಾಟಿನ್ ಬಲಿಪೂಜೆಯ ಜಾಗಕ್ಕೆ ಕೊಂಕಣಿ ಬಂತು. ಅಡುಗೆಮನೆಯ ವಿಧಿ ಮಾತ್ರ ಕದಲಲಿಲ್ಲ. ನಡುರಾತ್ರಿಯ ಪೂಜೆಗೆ ಮನೆಮಂದಿಯೆಲ್ಲ ಹೊರಟರೂ, ಕಳ್ಳು ಬೆರೆಸಿದ ಸಾನ್ನಾಂ ಹಿಟ್ಟನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಉಳಿಯಲೇಬೇಕಿತ್ತು.

1973ರಲ್ಲಿ ತೈಲ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಹೆಚ್ಚಿತು. ಚಿಕ್ಕಪ್ಪಂದಿರು ಹೋದರು, ಹಬ್ಬಕ್ಕೆ ಕ್ಯಾಸೆಟ್‌ಗಳಲ್ಲಿ ಅವರ ದನಿ ಬರತೊಡಗಿತು. ಕಿರಿಯ ಅತ್ತೆಯೂ ದಾದಿಯಾಗಿ ಕುವೈತ್‌ಗೆ ಹೋದರು. ಅಲ್ಲಿ ಡಿಸೆಂಬರ್ 25 ರಜೆಯಲ್ಲ. ಅವರ ಒಂಟಿತನವನ್ನು ನೆನೆದು ಮನೆಯವರೆಲ್ಲ ಮರುಗಿದರು. ಊರಿಗೆ ಬಂದಾಗ ಅವರು ಅಂದದ್ದು ಬೇರೆ: “ಮೊದಲ ಸಲ ಹಬ್ಬದೂಟವನ್ನು ಬಿಸಿಯಾಗಿ ಉಂಡೆ.”

ಈಗ ಟೊರಾಂಟೊ, ದುಬೈ, ಬೆಂಗಳೂರುಗಳಿಗೆ ಚದುರಿದ ನಾವು ಸೇರುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಕುಸ್ವಾರ್ ಬೇಕರಿಯ ಡಬ್ಬಿಯಲ್ಲಿ ಸಿಗುತ್ತದೆ. ಹಳೆಯ ಕ್ರಿಸ್‌ಮಸ್ ಹೋಯಿತೆಂದು ಅಲ್ಲಿ ಕೊರಗುವವರು ಬಹುಪಾಲು ಗಂಡಸರೇ. (ಇದನ್ನು ಎಣಿಸಿಯೇ ಹೇಳುತ್ತಿದ್ದೇನೆ.) ಮಾರಾಟದ ಮಾತುಕತೆ ನಡೆದಿರುವ ಹಳೆಮನೆಯಲ್ಲಿ ಈ ಬಾರಿ ಕೊನೆಯದಾಗಿ ಸೇರೋಣವೆಂಬ ಸಲಹೆ ಬಂದಾಗ, ಎಂಬತ್ತು ದಾಟಿದ ಅದೇ ಅತ್ತೆ ಒಂದೇ ಷರತ್ತು ಹಾಕಿದರು: ಬಾಚಣಿಗೆಯ ಮೇಲೆ ಒಂದೊಂದಾಗಿ ಸುರುಳಿ ಒತ್ತಬೇಕಾದ ಕಿಡಿಯೊ ಗಂಡುಮಕ್ಕಳ ಪಾಲು. ಎರಡು ದಿನ ಗುಂಪಿನಲ್ಲಿ ಮೌನ. ಮೂರನೆಯ ದಿನ ದುಬೈಯ ತಮ್ಮ, ಮೈದಾ ಎಷ್ಟು ಕಿಲೊ ಬೇಕೆಂದು ಕೇಳಿದ.