ಫ್ಲಾಟಿನ ಮಾಲಕರಿಗೆ ದಿಢೀರ್ ‘ಪಟ್ಟಿ’ ಏಕೆ ಬರುತ್ತದೆ?

ಗೋಕಾಕ, ಮೂಡಲಗಿ ಕಡೆಯ ಮಸಗುಪ್ಪಿಯಂಥ ಹಳ್ಳಿಗಳಲ್ಲಿ ಗುಡಿಯ ಕೆಲಸಕ್ಕೋ ಜಾತ್ರೆಗೋ ಹಣ ಬೇಕಾದಾಗ ಹಿರಿಯರು ಕೂಡಿ ಮನೆಮನೆಗೆ ‘ಪಟ್ಟಿ’ ಹಾಕುತ್ತಾರೆ. ಅನುಕೂಲಸ್ಥರು ಹೆಚ್ಚು ಕೊಡುತ್ತಾರೆ, ಇಲ್ಲದವರು ಕೈಲಾದಷ್ಟು. ಮಂಗಳೂರು, ಉಡುಪಿ, ಬೆಂಗಳೂರುಗಳ ವಸತಿ ಸಮುಚ್ಚಯಗಳಲ್ಲಿಯೂ ಇಂಥ ಪಟ್ಟಿ ಬರುತ್ತದೆ. ಆದರೆ ಇಲ್ಲಿ ಕೈಲಾದಷ್ಟು ಎಂಬುದಿಲ್ಲ. ಪಿಂಚಣಿಯಲ್ಲಿ ಬದುಕುವ ವೃದ್ಧ ದಂಪತಿಗಳೂ, ಫ್ಲಾಟನ್ನು ಬಾಡಿಗೆಗೆ ಕೊಟ್ಟು ಗಲ್ಫ್‌ನಲ್ಲಿರುವವರೂ ತಮ್ಮ ಪಾಲನ್ನು ಕೊಡಲೇಬೇಕು.

ಇದರ ಲೆಕ್ಕವನ್ನು ತಿಳಿದುಕೊಳ್ಳೋಣ. ತಿಂಗಳ ನಿರ್ವಹಣಾ ಶುಲ್ಕ ಕಾವಲುಗಾರ, ನೀರು, ವಿದ್ಯುತ್, ಕಸಗಳಿಗೆ ಮುಗಿದುಹೋಗುತ್ತದೆ. ಲಿಫ್ಟ್ ಬದಲಾವಣೆ, ಹೊರಗೋಡೆಯ ಬಣ್ಣ, ತಾರಸಿಯ ಸೋರಿಕೆ ಇವು ಹಲವು ವರ್ಷಗಳಿಗೊಮ್ಮೆ ಬರುವ ದೊಡ್ಡ ಖರ್ಚುಗಳು. 48 ಮನೆಗಳ ಒಂದು ಕಟ್ಟಡಕ್ಕೆ ಇಂಥ ಕೆಲಸಕ್ಕೆ 24 ಲಕ್ಷ ರೂಪಾಯಿ ಬೇಕೆಂದು ಇಟ್ಟುಕೊಳ್ಳಿ. ಸಮಪಾಲಾದರೆ ಮನೆಗೆ 50,000 ರೂಪಾಯಿ. ಹತ್ತು ವರ್ಷ ಮೊದಲೇ ಆರಂಭಿಸಿದ್ದರೆ ತಿಂಗಳಿಗೆ ಸುಮಾರು 417 ರೂಪಾಯಿ ಸಾಕಿತ್ತು, ಬ್ಯಾಂಕಿನ ಬಡ್ಡಿ ಬೇರೆ. ಹೀಗೆ ಕೂಡಿಡುವ ಹಣವೇ ಮೀಸಲು ನಿಧಿ ಅಥವಾ ಸಿಂಕಿಂಗ್ ಫಂಡ್. ಫ್ಲಾಟ್ ಕೊಳ್ಳುವಾಗ ಬಿಲ್ಡರ್ ಒಮ್ಮೆ ಪಡೆಯುವ ಕಾರ್ಪಸ್ ನಿಧಿ ಇದಕ್ಕೆ ಬುನಾದಿ. ಅದು ಸಂಘದ ಖಾತೆಗೆ ಬಂದಿದೆಯೇ ಎಂದು ಕೇಳುವವರೇ ಕಡಿಮೆ!

ನಮ್ಮ ಕರಾವಳಿಯಲ್ಲಂತೂ ಈ ಖರ್ಚು ಬೇಗ ಬರುತ್ತದೆ. ಉಪ್ಪುಗಾಳಿ ಮತ್ತು ಬಿಡದೆ ಸುರಿಯುವ ಮಳೆಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಗಾರೆ ಕಳಚಿ ಬೀಳುತ್ತದೆ. ಆರಂಭದಲ್ಲೇ ಸರಿಪಡಿಸಿದರೆ ಸಾವಿರಗಳಲ್ಲಿ ಮುಗಿಯುವುದು, ಬಿಟ್ಟರೆ ಲಕ್ಷಗಳಿಗೆ ಏರುತ್ತದೆ.

ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಸಮುದ್ರದಂಡೆಯ 12 ಮಹಡಿಗಳ ಚಾಂಪ್ಲೇನ್ ಟವರ್ಸ್ ಸೌತ್ ಕಟ್ಟಡದ ಬಗ್ಗೆ 2018ರಲ್ಲೇ ಎಂಜಿನಿಯರರು ಎಚ್ಚರಿಸಿದ್ದರು. ದುರಸ್ತಿಗೆ ಬೇಕಾದಷ್ಟು ಮೀಸಲು ಇರಲಿಲ್ಲ. ಜಗಳ, ಮುಂದೂಡಿಕೆಗಳ ನಂತರ 2021ರ ಏಪ್ರಿಲ್‌ನಲ್ಲಿ ಸುಮಾರು 1.5 ಕೋಟಿ ಡಾಲರಿನ ವಿಶೇಷ ವಂತಿಗೆಗೆ ಒಪ್ಪಿಗೆ ದೊರೆಯಿತು. ಮೊದಲ ಕಂತು ಜುಲೈ 1ಕ್ಕೆ. ಜೂನ್ 24ರ ನಸುಕಿನಲ್ಲಿ ಕಟ್ಟಡದ ದೊಡ್ಡ ಭಾಗ ಕುಸಿದು 98 ಮಂದಿ ಸತ್ತರು. ಮರುವರ್ಷ ಫ್ಲೋರಿಡಾ ಸರಕಾರ ಮೂರು ಮತ್ತು ಹೆಚ್ಚಿನ ಮಹಡಿಗಳ ಇಂಥ ಕಟ್ಟಡಗಳಿಗೆ ಮೀಸಲು ನಿಧಿಯ ಅಧ್ಯಯನವನ್ನು ಕಡ್ಡಾಯಗೊಳಿಸಿತು.

ನಮ್ಮವರು ಬಹಳಷ್ಟು ಮಂದಿ ನೆಲೆಸಿರುವ ಮುಂಬಯಿಯಲ್ಲಿ ನಿಯಮ ಸ್ಪಷ್ಟವಿದೆ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳಂತೆ ಫ್ಲಾಟಿನ ನಿರ್ಮಾಣ ವೆಚ್ಚದ ಕನಿಷ್ಠ 0.25 ಶೇಕಡವನ್ನು ಪ್ರತಿ ವರ್ಷ ಸಿಂಕಿಂಗ್ ಫಂಡಿಗೆ ಕೊಡಬೇಕು. ದುರಸ್ತಿ ನಿಧಿ ಬೇರೆಯೇ.

ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಯು ಸಾಮಾನ್ಯ ಖರ್ಚನ್ನು ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚುತ್ತದೆ. ಬಾಕಿ ಉಳಿಸಿದರೆ ಅದು ಆ ಫ್ಲಾಟಿನ ಮೇಲಿನ ಹೊರೆಯಾಗುತ್ತದೆ. ಆದರೆ ಅನೇಕ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ. ಎಷ್ಟು ಕೂಡಿಡಬೇಕೆಂಬುದು ಬಹುತೇಕ ಸದಸ್ಯರ ವಿವೇಚನೆಗೇ ಬಿಟ್ಟದ್ದು. ‘ಈ ವರ್ಷ ಬೇಡ’ ಎಂದು ಮಹಾಸಭೆಯಲ್ಲಿ ಕೈಯೆತ್ತುವುದು ಸುಲಭ, ಆದ್ದರಿಂದಲೇ ನಿಧಿ ಬೆಳೆಯುವುದಿಲ್ಲ ಎಂದು ನಮ್ಮ ಅನಿಸಿಕೆ.

ಹೊಸ ಕಟ್ಟಡದವರು ಇನ್ನೊಂದನ್ನು ತಿಳಿದಿರಬೇಕು. 2016ರ ರೇರಾ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಂಡುಬರುವ ರಚನಾ ಮತ್ತು ಕಾಮಗಾರಿ ದೋಷಗಳನ್ನು ಬಿಲ್ಡರನೇ ಉಚಿತವಾಗಿ ಸರಿಪಡಿಸಬೇಕು. ಅಂಥ ದುರಸ್ತಿಗೆ ಸದಸ್ಯರಿಂದ ಪಟ್ಟಿ ಎತ್ತಬೇಕಾಗಿಲ್ಲ.

ಹಳೆಯ ಫ್ಲಾಟ್ ಕೊಳ್ಳುವವರು ಮುಂಗಡ ಕೊಡುವ ಮೊದಲು ಸಂಘದ ಕಳೆದ ಮೂರು ವರ್ಷಗಳ ಲೆಕ್ಕಪತ್ರ, ಮಹಾಸಭೆಯ ನಡಾವಳಿ ಮತ್ತು ಮಾರುವವರ ಬಾಕಿ ಇಲ್ಲದ ಪತ್ರವನ್ನು ಕೇಳಿ ಪಡೆಯಲಿ. ನಡಾವಳಿಯಲ್ಲಿ ‘ದುರಸ್ತಿ ಮುಂದೂಡಲಾಯಿತು’ ಎಂಬ ಮಾತು ಮತ್ತೆ ಮತ್ತೆ ಕಂಡರೆ, ಮುಂದಿನ ಪಟ್ಟಿಯನ್ನು ಬೆಲೆಯಲ್ಲಿ ಈಗಲೇ ಕಳೆದು ಚರ್ಚಿಸಬಹುದು.